ಒಂದೇ ಸರ್ಚ್ ಬಾಕ್ಸ್ ಇದೆ, ಆದರೂ ಸವಳು ಭೂಮಿಯ ಥೀಸಿಸ್ ಯಾಕೆ ಸಿಗುತ್ತಿಲ್ಲ?

ಪ್ರಶ್ನೆ: ನಮ್ಮೂರು ಗಂಗಾವತಿ ತಾಲ್ಲೂಕಿನಲ್ಲಿದೆ. ತುಂಗಭದ್ರಾ ಎಡದಂಡೆ ಕಾಲುವೆ ಬಯಲಿನ ಸವಳು ಭೂಮಿಯ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದೇನೆ. ನಮ್ಮ ವಿಶ್ವವಿದ್ಯಾಲಯದ ಲೈಬ್ರರಿ ವೆಬ್‌ಸೈಟಿನಲ್ಲಿ ಈಗ ಒಂದೇ ಸರ್ಚ್ ಬಾಕ್ಸ್ ಇಟ್ಟಿದ್ದಾರೆ. ಪುಸ್ತಕ, ಪೇಪರ್, ಥೀಸಿಸ್ ಎಲ್ಲ ಅಲ್ಲೇ ಸಿಗುತ್ತೆ ಅಂದರು. ಆದರೆ ಸಾವಿರಾರು ಫಲಿತಾಂಶ ಬರುತ್ತವೆ, ಒಂದೇ ಪೇಪರ್ ಮೂರು ಸಲ ಕಾಣುತ್ತೆ. ಕ್ಲಿಕ್ ಮಾಡಿದರೆ ಕೆಲವು ತೆರೆಯುತ್ತವೆ, ಕೆಲವು ದುಡ್ಡು ಕೇಳುತ್ತವೆ, ಕೆಲವು 'ಲಭ್ಯವಿಲ್ಲ' ಅನ್ನುತ್ತವೆ. ನನ್ನ ಗೈಡ್ ಹೇಳಿದ 1990ರ ದಶಕದ ಒಂದು ಎಂ.ಎಸ್ಸಿ. ಕೃಷಿ ಥೀಸಿಸ್ ಅಂತೂ ಎಷ್ಟು ಹುಡುಕಿದರೂ ಇಲ್ಲ. ತಪ್ಪು ನನ್ನದಾ, ಬಾಕ್ಸಿನದಾ? ಇದನ್ನು ಬಿಟ್ಟು ಗೂಗಲ್‌ನಲ್ಲೇ ಹುಡುಕಲಾ?

ಉತ್ತರ: ತಪ್ಪು ನಿಮ್ಮದಲ್ಲ. ಪೂರ್ತಿ ಬಾಕ್ಸಿನದೂ ಅಲ್ಲ. ಇಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳು ಕೆಲಸ ಮಾಡುತ್ತಿವೆ. ಹುಡುಕುವುದು ಒಂದು. ಹುಡುಕಿದ್ದನ್ನು ನಿಮ್ಮ ಕೈಗೆ ತಲುಪಿಸುವುದು ಇನ್ನೊಂದು. ಪರದೆಯ ಮೇಲೆ ಎರಡೂ ಒಂದೇ ಪುಟದಲ್ಲಿ ಇರುತ್ತವೆ, ಹಾಗಾಗಿ ಎಲ್ಲರೂ ಒಂದೇ ಅಂದುಕೊಳ್ಳುತ್ತಾರೆ. ಸಾವಿರಾರು ಫಲಿತಾಂಶ, ಮೂರು ಸಲ ಕಾಣುವ ಪೇಪರ್, ಸಿಗದ ಥೀಸಿಸ್, ಇವು ಹುಡುಕುವ ಕಡೆಯ ತೊಂದರೆ. ದುಡ್ಡು ಕೇಳುವುದು, 'ಲಭ್ಯವಿಲ್ಲ' ಅನ್ನುವುದು ತಲುಪಿಸುವ ಕಡೆಯ ತೊಂದರೆ. ಬಳ್ಳಾರಿಯಲ್ಲಿ ಲೈಬ್ರರಿ ಕೆಲಸದಲ್ಲೇ ನನ್ನ ತಲೆ ಹಣ್ಣಾಗಿದೆ. ನಿಮ್ಮ ಹಾಗೆ ಬಂದು ಕೇಳುವ ಹತ್ತು ಮಕ್ಕಳಲ್ಲಿ ಒಂಬತ್ತು ಮಂದಿಗೆ ಈ ವ್ಯತ್ಯಾಸ ಯಾರೂ ಹೇಳಿರುವುದಿಲ್ಲ.

ಮೊದಲು ಹುಡುಕುವುದನ್ನು ನೋಡೋಣ. ಒಂದೇ ಬಾಕ್ಸ್ ಅನ್ನುವ ಆಸೆ ಹಳೆಯದು. ಶುರುವಿನಲ್ಲಿ ಅದು ಕೆಲಸ ಮಾಡುತ್ತಿದ್ದ ರೀತಿಯೇ ಬೇರೆ. ರಾಯಚೂರು ಎಪಿಎಂಸಿಯಲ್ಲಿ ಹತ್ತಿ ರೇಟು ತಿಳಿಯಬೇಕು ಅಂತ ಹತ್ತು ದಲಾಲಿ ಅಂಗಡಿಗೆ ಹತ್ತು ಹುಡುಗರನ್ನು ಓಡಿಸಿದ ಹಾಗೆ. ನೀವು ಒಂದು ಪದ ಕೊಟ್ಟರೆ, ಬಾಕ್ಸ್ ಅದನ್ನು ಹತ್ತು ಡೇಟಾಬೇಸುಗಳಿಗೆ ಒಟ್ಟಿಗೆ ಕಳಿಸುತ್ತಿತ್ತು. ಲೈಬ್ರರಿ ಕ್ಯಾಟಲಾಗುಗಳು ಪರಸ್ಪರ ಹೀಗೆ ಮಾತಾಡಲು ಝಡ್39.50 ಅನ್ನುವ ನಿಯಮಾವಳಿ 1988ರಿಂದಲೇ ಇದೆ. ಉತ್ತರ ಬರುವ ತನಕ ಕಾಯಬೇಕು. ಒಬ್ಬ ಹುಡುಗ ನಿಧಾನ ಮಾಡಿದರೆ ಎಲ್ಲರೂ ನಿಧಾನ. ಬಂದ ಉತ್ತರಗಳನ್ನು ಯಾವುದು ಮೇಲೆ, ಯಾವುದು ಕೆಳಗೆ ಅಂತ ಜೋಡಿಸುವುದೂ ಕಷ್ಟ. ಯಾಕೆಂದರೆ ಒಂದೊಂದು ಅಂಗಡಿಯ ತಕ್ಕಡಿ ಒಂದೊಂದು ಥರ. ಇದಕ್ಕೆ ಫೆಡರೇಟೆಡ್ ಸರ್ಚ್ ಅನ್ನುತ್ತಿದ್ದೆವು.

2009ರ ಹೊತ್ತಿಗೆ ದಾರಿ ಬದಲಾಯಿತು. ಸಮನ್, ಪ್ರೈಮೊ, ಎಬ್ಸ್ಕೊ ಡಿಸ್ಕವರಿ ಅಂಥ ವ್ಯವಸ್ಥೆಗಳು ಬಂದವು. ಇವು ನೀವು ಕೇಳಿದ ಮೇಲೆ ಓಡುವುದಿಲ್ಲ. ಪ್ರಕಾಶಕರಿಂದ, ಡೇಟಾಬೇಸುಗಳಿಂದ, ಲೈಬ್ರರಿಗಳಿಂದ ವಿವರಗಳನ್ನು ಮೊದಲೇ ತಂದು ಒಂದು ದೊಡ್ಡ ಸೂಚಿ ಮಾಡಿ ಇಟ್ಟುಕೊಂಡಿರುತ್ತವೆ. ನೀವು ಹುಡುಕುವುದು ಆ ಸೂಚಿಯನ್ನು. ಅದಕ್ಕೇ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತದೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಸೂಚಿಯಲ್ಲಿ ಯಾರೋ ಬರೆದು ಸೇರಿಸದೇ ಇದ್ದದ್ದು ಬಾಕ್ಸಿಗೆ ಕಾಣುವುದೇ ಇಲ್ಲ. ನಿಮ್ಮ ಲೈಬ್ರರಿಯ ರ‍್ಯಾಕಿನಲ್ಲಿ ಪುಸ್ತಕ ಇದ್ದರೂ ಅದರ ದಾಖಲೆ ಸೂಚಿಗೆ ಹೋಗಿರದಿದ್ದರೆ ಬಾಕ್ಸ್ 'ಇಲ್ಲ' ಅನ್ನುತ್ತದೆ. ಅದು ಸುಳ್ಳು ಹೇಳುತ್ತಿಲ್ಲ. 'ನನ್ನ ಸೂಚಿಯಲ್ಲಿ ಇಲ್ಲ' ಅನ್ನುತ್ತಿದೆ ಅಷ್ಟೇ. ನಮ್ಮ ಭಾಗದ ವಿಷಯ ಹುಡುಕುವವರಿಗೆ ಇದು ತುಂಬ ಮುಖ್ಯ. ಅದಕ್ಕೆ ಸ್ವಲ್ಪ ಹೊತ್ತಿನಲ್ಲಿ ಬರುತ್ತೇನೆ. ಮೊದಲು ತಲುಪಿಸುವ ಕಡೆಯ ಮಾತು ಮುಗಿಸಿಬಿಡೋಣ.

ನೀವು ಗಂಗಾವತಿಯಿಂದ ಬಳ್ಳಾರಿಗೆ ಬರಬೇಕು ಅಂದುಕೊಳ್ಳಿ. ದಾರಿಯಲ್ಲಿ ಎಷ್ಟೋ ಬಸ್ಸು ಓಡುತ್ತವೆ. ಶಕ್ತಿ ಯೋಜನೆಯ ಫ್ರೀ ಟಿಕೆಟ್ ಸಾಮಾನ್ಯ ಬಸ್ಸಿಗೆ, ವೇಗದೂತಕ್ಕೆ ನಡೆಯುತ್ತದೆ. ಸ್ಲೀಪರ್, ಎಸಿ, ಪ್ರೈವೇಟ್ ಬಸ್ಸಿಗೆ ನಡೆಯುವುದಿಲ್ಲ. ಊರು ಅದೇ, ದಾರಿ ಅದೇ, ಆದರೆ ನಿಮಗೆ ದುಡ್ಡಿಲ್ಲದೆ ಹತ್ತಲು ಬರುವ ಬಸ್ಸು ಕೆಲವೇ. ಪೇಪರ್ ಕಥೆಯೂ ಹೀಗೇ. ಒಂದೇ ಪೇಪರ್ ಪ್ರಕಾಶಕರ ವೆಬ್‌ಸೈಟಿನಲ್ಲಿ ಇರುತ್ತದೆ, ಒಂದೆರಡು ದೊಡ್ಡ ಡೇಟಾಬೇಸುಗಳಲ್ಲಿ ಇರುತ್ತದೆ, ಕೆಲವೊಮ್ಮೆ ಬರೆದವರ ವಿಶ್ವವಿದ್ಯಾಲಯದ ಭಂಡಾರದಲ್ಲೂ ಇರುತ್ತದೆ. ಇವುಗಳಲ್ಲಿ ನಿಮ್ಮ ಲೈಬ್ರರಿ ಚಂದಾ ಕಟ್ಟಿರುವುದು ಯಾವುದಕ್ಕೆ? ಅದನ್ನು ಹೇಳಿ ನಿಮ್ಮನ್ನು ಸರಿಯಾದ ಬಸ್ಸಿಗೆ ಹತ್ತಿಸಲು ಒಬ್ಬರು ಬೇಕಲ್ವಾ? ಆ ಕೆಲಸ ಮಾಡುವುದೇ ಲಿಂಕ್ ರಿಸಾಲ್ವರ್.

ಇದರ ಹಿಂದಿನ ಯೋಚನೆ ಬಂದದ್ದು ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದಿಂದ. 1990ರ ದಶಕದ ಕೊನೆಯಲ್ಲಿ ಹರ್ಬರ್ಟ್ ವ್ಯಾನ್ ಡೆ ಸೋಂಪೆಲ್ ಮತ್ತು ಅವರ ಜೊತೆಗಾರರು ಅಲ್ಲಿ ಎಸ್‌ಎಫ್‌ಎಕ್ಸ್ ಅನ್ನುವ ವ್ಯವಸ್ಥೆ ಕಟ್ಟಿದರು. ಅದರಲ್ಲಿ ಪೇಪರಿಗೆ ನೇರ ಲಿಂಕ್ ಇರುವುದಿಲ್ಲ. ಪೇಪರಿನ ಗುರುತುಗಳನ್ನು ಲಿಂಕಿನೊಳಗೇ ತುಂಬಿ, ಅದನ್ನು ಮೊದಲು ನಿಮ್ಮ ಸಂಸ್ಥೆಯ ರಿಸಾಲ್ವರಿಗೆ ಕಳಿಸುತ್ತಾರೆ. ಪತ್ರಿಕೆಯ ಎಂಟು ಅಂಕಿಯ ಐಎಸ್‌ಎಸ್‌ಎನ್, ಇಸವಿ, ಸಂಪುಟ, ಸಂಚಿಕೆ, ಶುರುವಿನ ಪುಟ, ಇಷ್ಟು ಸಾಕು. ರಿಸಾಲ್ವರ್ ತನ್ನ ಪಟ್ಟಿ ತೆಗೆದು ನೋಡುತ್ತದೆ. ಈ ಪತ್ರಿಕೆ ನಮಗೆ ಇದೆಯಾ? ಯಾವ ಇಸವಿಯಿಂದ ಯಾವ ಇಸವಿ ತನಕ? ಯಾವ ಬಾಗಿಲಿನಿಂದ? ಸಿಕ್ಕರೆ ಆ ಬಾಗಿಲಿಗೆ ನಿಮ್ಮನ್ನು ಕಳಿಸುತ್ತದೆ. ಗುರುತುಗಳನ್ನು ಹೀಗೆ ತುಂಬಿ ಕಳಿಸುವ ಕ್ರಮದ ಹೆಸರು ಓಪನ್‌ಯುಆರ್‌ಎಲ್. ಆಮೇಲೆ ಅದು ಅಮೆರಿಕದ ರಾಷ್ಟ್ರೀಯ ಮಾನದಂಡವಾಯಿತು.

ಡಿಒಐ ಅಂತ ನೀವು ದಿನಾ ನೋಡುತ್ತೀರಿ. 10 ಅಂತ ಶುರುವಾಗಿ, ಒಂದು ಚುಕ್ಕೆ, ಆಮೇಲೆ ಪ್ರಕಾಶಕರ ಸಂಖ್ಯೆ, ಓರೆಗೆರೆ, ಆಮೇಲೆ ಪೇಪರಿನ ಸಂಖ್ಯೆ. ಅದು ಪೇಪರಿನ ಕಾಯಂ ಗುರುತು. ಪ್ರಕಾಶಕರು ವೆಬ್‌ಸೈಟ್ ಬದಲಿಸಿದರೂ ಡಿಒಐ ಬದಲಾಗುವುದಿಲ್ಲ. ವಿದ್ವತ್ ಪತ್ರಿಕೆಗಳಿಗಾಗಿ ಇದನ್ನು ನೋಂದಾಯಿಸುವ ಕ್ರಾಸ್‌ರೆಫ್ ಸಂಸ್ಥೆ 2000ದಲ್ಲಿ ಶುರುವಾಯಿತು. ಆದರೆ ಡಿಒಐ ನಿಮ್ಮನ್ನು ಸಾಮಾನ್ಯವಾಗಿ ಪ್ರಕಾಶಕರ ಬಾಗಿಲಿಗೇ ಒಯ್ಯುತ್ತದೆ. ನಿಮ್ಮ ಲೈಬ್ರರಿ ಅದೇ ಪೇಪರನ್ನು ಬೇರೆ ಡೇಟಾಬೇಸಿನ ಮೂಲಕ ಪಡೆದಿದ್ದರೆ ಪ್ರಕಾಶಕರ ಬಾಗಿಲಲ್ಲಿ ದುಡ್ಡು ಕೇಳುತ್ತಾರೆ. ಡಿಒಐ ಪೇಪರ್ ಎಲ್ಲಿದೆ ಅಂತ ಹೇಳುತ್ತದೆ, ರಿಸಾಲ್ವರ್ ನಿಮಗೆ ಎಲ್ಲಿಂದ ಸಿಗುತ್ತದೆ ಅಂತ ಹೇಳುತ್ತದೆ. ಎರಡೂ ಬೇಕು.

ಹಾಗಾದರೆ 'ಲಭ್ಯವಿಲ್ಲ' ಯಾಕೆ ಬರುತ್ತದೆ? ಒಂದು ನೆನಪು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಸಿರುಗುಪ್ಪ ಕಡೆಯ ಒಬ್ಬ ಹುಡುಗ ನನ್ನ ಟೇಬಲ್ಲಿಗೆ ಬಂದ. ಕ್ಷಾರ ಮಣ್ಣಿಗೆ ಜಿಪ್ಸಂ ಹಾಕುವ ಬಗ್ಗೆ ಒಂದು ಹಳೇ ಪೇಪರ್ ಬೇಕಿತ್ತು. ಬಾಕ್ಸ್ ಪೇಪರನ್ನು ತೋರಿಸಿತು. ಲಿಂಕ್ ಒತ್ತಿದರೆ 'ಲಭ್ಯವಿಲ್ಲ'. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬ್ರೌಸರಿನ ಮೇಲ್ತುದಿಯ ವಿಳಾಸದ ಜಾಗದಲ್ಲಿದ್ದ ಉದ್ದನೆಯ ಸಾಲನ್ನು ಒಂದೊಂದೇ ತುಂಡು ಓದಿದೆ. ಐಎಸ್‌ಎಸ್‌ಎನ್ ಸರಿ. ಸಂಪುಟ ಸರಿ. ಪುಟ ಸರಿ. ಇಸವಿ 1994, ಅದೂ ಸರಿ. ಆಮೇಲೆ ರಿಸಾಲ್ವರಿನ ಪಟ್ಟಿ ತೆಗೆದೆ. ಆ ಪತ್ರಿಕೆಯ ಮುಂದೆ '1995ರಿಂದ' ಅಂತ ಇತ್ತು. ಪ್ರಕಾಶಕರ ಪುಟಕ್ಕೆ ನೇರ ಹೋಗಿ ನೋಡಿದರೆ ನಮಗೆ 1993ರಿಂದಲೇ ತೆರೆದಿದೆ! ಯಾರೋ ಒಂದು ಕೋಶದಲ್ಲಿ ಒಂದು ಇಸವಿ ತಪ್ಪು ಬರೆದಿದ್ದರು. ತಿದ್ದಲು ಅರ್ಧ ನಿಮಿಷ ಹಿಡಿಯಿತು. ಆದರೆ ಅದಕ್ಕೂ ಮುಂಚೆ ಎಷ್ಟು ಮಕ್ಕಳು ಅದೇ ಲಿಂಕ್ ಒತ್ತಿ, 'ಲಭ್ಯವಿಲ್ಲ' ಓದಿ, ಸುಮ್ನೆ ಎದ್ದು ಹೋಗಿರಬಹುದು? ಆ ಯೋಚನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಇಂಥ ತಪ್ಪು ಹಲವು ಥರ. ಛಾಪಿಸಿದ ಪತ್ರಿಕೆಗೆ ಒಂದು ಐಎಸ್‌ಎಸ್‌ಎನ್, ಆನ್‌ಲೈನ್ ಪತ್ರಿಕೆಗೆ ಇನ್ನೊಂದು ಇರುತ್ತದೆ. ಪಟ್ಟಿಯಲ್ಲಿ ಒಂದೇ ಇದ್ದರೆ ಲಿಂಕ್ ಕೆಡುತ್ತದೆ. ಪತ್ರಿಕೆ ಹೆಸರು ಬದಲಿಸಿದಾಗಲೂ ಕೆಡುತ್ತದೆ. ಕೆಲವು ಡೇಟಾಬೇಸುಗಳು ಹೊಸ ಸಂಚಿಕೆಗಳನ್ನು ಒಂದು ವರ್ಷ ತಡೆದು ಆಮೇಲೆ ಕೊಡುತ್ತವೆ. ಪಟ್ಟಿಯಲ್ಲಿ ಅದು ಬರೆದಿರದಿದ್ದರೆ ಲಿಂಕ್ ನಿಮ್ಮನ್ನು ಖಾಲಿ ಪುಟಕ್ಕೆ ಬಿಡುತ್ತದೆ. ಈ ಪಟ್ಟಿಗಳು ಎಲ್ಲ ಕಡೆ ಒಂದೇ ರೂಪದಲ್ಲಿರಲಿ ಅಂತ 2010ರಲ್ಲಿ ಕೆಬಾರ್ಟ್ ಅನ್ನುವ ಮಾದರಿ ಬಂತು. ಪತ್ರಿಕೆಯ ಹೆಸರು, ಎರಡೂ ಐಎಸ್‌ಎಸ್‌ಎನ್, ಮೊದಲ ಸಂಚಿಕೆಯ ದಿನಾಂಕ, ಕೊನೆಯ ಸಂಚಿಕೆಯ ದಿನಾಂಕ, ಹೀಗೆ ಕಾಲಂ ಕಾಲಂ. ಪ್ರಕಾಶಕರು ಆ ಫೈಲ್ ಕೊಡುತ್ತಾರೆ, ಲೈಬ್ರರಿಯವರು ಅದನ್ನು ರಿಸಾಲ್ವರಿಗೆ ಏರಿಸಬೇಕು.

ಈಗ ಇದು ಹಿಂದೆಂದಿಗಿಂತ ಜಾಸ್ತಿ ಮುಖ್ಯ. 'ಒಂದು ದೇಶ ಒಂದು ಚಂದಾ' ಯೋಜನೆಗೆ ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ಒಪ್ಪಿಗೆ ಕೊಟ್ಟಿತು. 2025ರಿಂದ 2027ರ ತನಕ ಮೂರು ವರ್ಷಕ್ಕೆ ಸುಮಾರು 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಹತ್ತಿರಹತ್ತಿರ 13,000 ಪತ್ರಿಕೆಗಳು. ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜು, ಸಂಶೋಧನಾ ಸಂಸ್ಥೆಗಳು ಇದರಲ್ಲಿ ಬರುತ್ತವೆ. ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಅನ್ನುವ ಯುಜಿಸಿ ಕೇಂದ್ರ ಇದನ್ನು ನಡೆಸುತ್ತಿದೆ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿಯ ಮಕ್ಕಳಿಗೆ ಇದು ಎಂಥ ದೊಡ್ಡ ಅವಕಾಶ! ದೊಡ್ಡ ಊರಿನ ಸಂಸ್ಥೆಗಳಲ್ಲಿ ಮಾತ್ರ ತೆರೆಯುತ್ತಿದ್ದ ಪತ್ರಿಕೆಗಳು ಇಲ್ಲೂ ತೆರೆಯುತ್ತವೆ. ಆದರೆ ನಿಮ್ಮ ಲೈಬ್ರರಿಯ ರಿಸಾಲ್ವರಿನಲ್ಲಿ 2024ರ ಪಟ್ಟಿಯೇ ಕೂತಿದ್ದರೆ, ಕೈಗೆ ಬಂದ ಪತ್ರಿಕೆಯನ್ನೂ ಅದು 'ಲಭ್ಯವಿಲ್ಲ' ಅನ್ನುತ್ತದೆ. 13,000 ಸಾಲುಗಳನ್ನು ಯಾರೂ ಕೈಯಲ್ಲಿ ಬರೆಯಲಾರರು. ಫೈಲ್ ಏರಿಸಿದ್ದಾರಾ ಅಂತ ನಿಮ್ಮ ಲೈಬ್ರೇರಿಯನ್ನರನ್ನು ಕೇಳಿ. ಕೇಳುವುದು ತಪ್ಪಲ್ಲ.

ದುಡ್ಡು ಕೇಳುವುದಕ್ಕೆ ಇನ್ನೊಂದು ಸರಳ ಕಾರಣ ಇರಬಹುದು. ನೀವು ಮನೆಯಿಂದ ಹುಡುಕುತ್ತಿದ್ದೀರಾ? ಪ್ರಕಾಶಕರು ನಿಮ್ಮನ್ನು ಗುರುತಿಸುವುದು ಕ್ಯಾಂಪಸ್ಸಿನ ಇಂಟರ್‌ನೆಟ್ ವಿಳಾಸದಿಂದ. ಗಂಗಾವತಿಯ ಮನೆಯಲ್ಲಿ ಮೊಬೈಲ್ ಡೇಟಾದಲ್ಲಿ ಕೂತರೆ ನೀವು ಅವರಿಗೆ ದಾರಿಹೋಕರು. ಇದಕ್ಕೆ ಇನ್‌ಫ್ಲಿಬ್‌ನೆಟ್‌ನ ಇನ್‌ಫೆಡ್ ಲಾಗಿನ್ ಇದೆ. ನಿಮ್ಮ ಲೈಬ್ರರಿಯಿಂದ ಐಡಿ ಪಡೆಯಿರಿ. ಪ್ರಕಾಶಕರ ಪುಟದಲ್ಲಿ 'ಸಂಸ್ಥೆಯ ಮೂಲಕ ಲಾಗಿನ್' ಅನ್ನುವ ಅರ್ಥದ ಗುಂಡಿ ಹುಡುಕಿ, ಇನ್‌ಫೆಡ್ ಆರಿಸಿ, ನಿಮ್ಮ ವಿಶ್ವವಿದ್ಯಾಲಯದ ಹೆಸರು ಆರಿಸಿ. ದುಡ್ಡಿನ ಪುಟ ಬಂದ ಕೂಡಲೇ ಕಿಟಕಿ ಮುಚ್ಚಬೇಡಿ.

ಈಗ ಹುಡುಕುವ ಕಡೆಗೆ ವಾಪಸ್ ಬರೋಣ. ನನಗೆ ಮನಸ್ಸಿಗೆ ಹತ್ತಿರದ ವಿಷಯ ಇದು.

ನಮ್ಮ ಭಾಗದ ಊರುಗಳು ಎಷ್ಟು ಸಲ ಹೆಸರು, ಜಿಲ್ಲೆ, ರಾಜ್ಯ ಬದಲಿಸಿವೆ ನೋಡಿ. ಬಳ್ಳಾರಿ 1953ರ ತನಕ ಮದ್ರಾಸ್ ಕಡೆಗೆ ಇತ್ತು. ರಾಯಚೂರು, ಕೊಪ್ಪಳ 1956ರ ತನಕ ಹೈದರಾಬಾದ್ ರಾಜ್ಯದಲ್ಲಿ. ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯ ತನಕ ನಿಮ್ಮ ಗಂಗಾವತಿ ರಾಯಚೂರು ಜಿಲ್ಲೆ. 2014ರ ನವೆಂಬರ್ 1ರಿಂದ ಬಳ್ಳಾರಿಯ ಇಂಗ್ಲಿಷ್ ಕಾಗುಣಿತವೇ ಬದಲಾಯಿತು. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಗೆ ಹೋಯಿತು. ಈಗ ನೀವು ಬಾಕ್ಸಿನಲ್ಲಿ 'ಕೊಪ್ಪಳ ಜಿಲ್ಲೆ, ಸವಳು' ಅಂತ ಇಂಗ್ಲಿಷಿನಲ್ಲಿ ಹಾಕಿದರೆ ಏನಾಗುತ್ತದೆ? 1985ರಲ್ಲಿ ನಿಮ್ಮದೇ ಊರ ಹೊಲದ ಮಣ್ಣು ಅಗೆದು ಯಾರಾದರೂ ಬರೆದ ಪೇಪರಿನಲ್ಲಿ 'ರಾಯಚೂರು ಜಿಲ್ಲೆ' ಅಂತ ಇರುತ್ತದೆ. ಬಾಕ್ಸಿಗೆ ಜಿಲ್ಲೆ ಒಡೆದ ಸಂಗತಿ ಗೊತ್ತಿಲ್ಲ. ಅದು ಅಕ್ಷರ ಹೋಲಿಸುತ್ತದೆ, ಇತಿಹಾಸ ಓದುವುದಿಲ್ಲ.

ಹಾಗಾಗಿ ಒಂದು ಹಾಳೆ ತೆಗೆದುಕೊಂಡು ಕೂತು ಹೆಸರುಗಳ ಪಟ್ಟಿ ಮಾಡಿ. ಬಳ್ಳಾರಿಗೆ ಇಂಗ್ಲಿಷಿನಲ್ಲಿ 'ವೈ' ಅಕ್ಷರದಲ್ಲಿ ಮುಗಿಯುವ ಹಳೇ ಕಾಗುಣಿತ, 'ಐ'ನಲ್ಲಿ ಮುಗಿಯುವ ಹೊಸ ಕಾಗುಣಿತ, ಎರಡೂ. ಗಂಗಾವತಿಗೆ 'ಎಚ್' ಇರುವುದು, ಇಲ್ಲದಿರುವುದು. ತುಂಗಭದ್ರಾಕ್ಕೂ ಹಾಗೇ. ಎಡದಂಡೆ ಕಾಲುವೆಯನ್ನು ಪೇಪರ್ ಬರೆಯುವವರು ಟಿಎಲ್‌ಬಿಸಿ ಅಂತಲೂ, ಇಡೀ ನೀರಾವರಿ ಪ್ರದೇಶವನ್ನು ಟಿಬಿಪಿ ಕಮಾಂಡ್ ಅಂತಲೂ ಬರೆದಿರುತ್ತಾರೆ. ಸವಳಿಗೆ ಸಲೈನ್, ಸೋಡಿಕ್, ಆಲ್ಕಲಿ, ಸಾಲ್ಟ್ ಅಫೆಕ್ಟೆಡ್. ನೀರು ನಿಂತು ಜವಳಾದ ನೆಲಕ್ಕೆ ವಾಟರ್‌ಲಾಗಿಂಗ್. ಊರು, ಕಾಲುವೆಯ ಹೆಸರುಗಳನ್ನು ಒಂದು ಕಂಸದಲ್ಲಿ, ಮಣ್ಣಿನ ಪದಗಳನ್ನು ಇನ್ನೊಂದು ಕಂಸದಲ್ಲಿ ಹಾಕಿ, ಎರಡು ಕಂಸಗಳ ನಡುವೆ ಇಂಗ್ಲಿಷಿನ 'ಮತ್ತು', ಅಂದರೆ ಎ, ಎನ್, ಡಿ ಅಕ್ಷರಗಳ ಪದವನ್ನು ದೊಡ್ಡಕ್ಷರದಲ್ಲಿ ಇಡಿ. ಕಂಸದ ಒಳಗಿನ ಪದಗಳ ನಡುವೆ ಇಂಗ್ಲಿಷಿನ 'ಅಥವಾ', ಅಂದರೆ ಓ ಮತ್ತು ಆರ್ ಅಕ್ಷರಗಳ ಆ ಪುಟ್ಟ ಪದವನ್ನು ದೊಡ್ಡಕ್ಷರದಲ್ಲಿ ಹಾಕಿ. ಎರಡು ಮೂರು ಪದಗಳ ನುಡಿಗಟ್ಟನ್ನು ಉದ್ಧರಣ ಚಿಹ್ನೆಯ ಒಳಗೆ ಇಡಿ. ಸಂಬಂಧವಿಲ್ಲದ ಫಲಿತಾಂಶಗಳು ತುಂಬ ಕಡಿಮೆಯಾಗುತ್ತವೆ, ಬೇಕಾದ್ದು ಹೊರಗೆ ಉಳಿಯುವುದೂ ಕಡಿಮೆಯಾಗುತ್ತದೆ.

ಊರಷ್ಟೇ ಅಲ್ಲ, ವಿಶ್ವವಿದ್ಯಾಲಯಗಳೂ ಒಡೆದಿವೆ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಶುರುವಾದದ್ದು 2010ರಲ್ಲಿ. ಅದಕ್ಕೂ ಮುಂಚಿನ ಥೀಸಿಸ್ ಬೇಕಿದ್ದರೆ 1980ರಲ್ಲಿ ಶುರುವಾದ ಗುಲ್ಬರ್ಗಾ ವಿಶ್ವವಿದ್ಯಾಲಯದ ಹೆಸರಿನಲ್ಲಿ ನೋಡಬೇಕು. ರಾಯಚೂರು ಕೃಷಿ ವಿಶ್ವವಿದ್ಯಾಲಯ 2008–09ರಲ್ಲಿ ಧಾರವಾಡದಿಂದ ಬೇರೆಯಾಯಿತು. ಧಾರವಾಡ 1986ರಲ್ಲಿ ಬೆಂಗಳೂರಿನಿಂದ ಬೇರೆಯಾಗಿತ್ತು. ಅಂದರೆ ಗಂಗಾವತಿಯ ಗದ್ದೆಯ ಮೇಲೆ 1984ರಲ್ಲಿ ಆದ ಕೆಲಸ ಬೆಂಗಳೂರಿನ ಹೆಸರಿನಲ್ಲಿ, 1996ರದ್ದು ಧಾರವಾಡದ ಹೆಸರಿನಲ್ಲಿ, 2012ರದ್ದು ರಾಯಚೂರಿನ ಹೆಸರಿನಲ್ಲಿ ಇರುತ್ತದೆ. ಬಾಕ್ಸಿನ ಪಕ್ಕದಲ್ಲಿ 'ಸಂಸ್ಥೆ' ಅಂತ ಸೋಸುವ ಗುಂಡಿ ಇರುತ್ತದಲ್ಲ, ಅದರಲ್ಲಿ ರಾಯಚೂರು ಮಾತ್ರ ಆರಿಸಿದರೆ ಹಳೆಯದೆಲ್ಲ ಹೊರಗೆ ಹೋಯಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ಮೇಲೆ ಅಖಿಲ ಭಾರತ ಸಮನ್ವಯ ಯೋಜನೆಯ ಕೆಲಸ ನಡೆಯುತ್ತಿರುವುದು ನಿಮಗೆ ಗೊತ್ತೇ ಇರುತ್ತದೆ. ಆ ಯೋಜನೆ ಹರಿಯಾಣದ ಕರ್ನಾಲಿನ ಮಣ್ಣಿನ ಲವಣತೆ ಸಂಶೋಧನಾ ಸಂಸ್ಥೆಯ ಕೈಕೆಳಗಿನದು. ಹಾಗಾಗಿ ಅದರ ವರದಿಗಳನ್ನು ಕರ್ನಾಲಿನ ಹೆಸರಿನಲ್ಲೂ ಹುಡುಕಿ.

ಕನ್ನಡದಲ್ಲಿ ಹುಡುಕುವುದು ಇನ್ನೊಂದು ಕಷ್ಟ. ನಿಮ್ಮದು ಕೃಷಿ ವಿಷಯ, ಕನ್ನಡದ ಥೀಸಿಸ್ ಕಡಿಮೆ ಬೇಕಾಗಬಹುದು. ಆದರೂ ಕಾಲುವೆ ಬಂದ ಮೇಲೆ ಊರುಗಳು ಹೇಗೆ ಬದಲಾದವು ಅಂತ ಬರೆದವರು ಕನ್ನಡದಲ್ಲೇ ಬರೆದಿರುತ್ತಾರೆ. 'ನುಡಿ', 'ಬರಹ' ಅನ್ನುವ ಟೈಪಿಂಗ್ ತಂತ್ರಾಂಶಗಳ ಹಳೇ ಅಕ್ಷರಗಳಲ್ಲಿ ಟೈಪ್ ಮಾಡಿದ ಥೀಸಿಸ್‌ಗಳು ಪರದೆಯ ಮೇಲೆ ಚೆಂದದ ಕನ್ನಡವಾಗಿಯೇ ಕಾಣುತ್ತವೆ. ಒಳಗೆ ಮಾತ್ರ ಇಂಗ್ಲಿಷ್ ಅಕ್ಷರಗಳ ಸಂಕೇತ ಇರುತ್ತದೆ. ಒಂದು ಪರೀಕ್ಷೆ ಮಾಡಿ. ಅಂಥ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿನಲ್ಲಿ ಪೇಸ್ಟ್ ಮಾಡಿ. ಕನ್ನಡವೇ ಬಂದರೆ ಅದು ಯುನಿಕೋಡ್, ಬಾಕ್ಸಿಗೆ ಕಾಣುತ್ತದೆ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬಂದರೆ ಬಾಕ್ಸಿಗೆ ಆ ಪುಟದ ಒಂದು ಪದವೂ ಕಾಣುವುದಿಲ್ಲ. ಸ್ಕ್ಯಾನ್ ಮಾಡಿದ ಹಾಳೆಯಾದರೆ ಏನೂ ಕಾಪಿಯಾಗುವುದಿಲ್ಲ, ಅದು ಬರೀ ಚಿತ್ರ. ಆಗ ಉಳಿಯುವ ದಾರಿ ಒಂದೇ. ಶೀರ್ಷಿಕೆ, ಲೇಖಕರು, ಮಾರ್ಗದರ್ಶಕರು ಅಂತ ಲೈಬ್ರರಿಯವರು ತುಂಬಿದ ವಿವರದಲ್ಲಿ ಹುಡುಕುವುದು.

ಇನ್ನೊಂದು ಸೂಕ್ಷ್ಮ ಇದೆ. ಕನ್ನಡದ ಪದಕ್ಕೆ ವಿಭಕ್ತಿ ಅಂಟುತ್ತದೆ. 'ಮಣ್ಣು' ಅಂತ ಹುಡುಕಿದರೆ ಎಷ್ಟೋ ವ್ಯವಸ್ಥೆಗಳು 'ಮಣ್ಣಿನ' ಅನ್ನುವುದನ್ನು ಬೇರೆ ಪದ ಅಂತಲೇ ಎಣಿಸುತ್ತವೆ. ಕೊನೆಯ ಕೊಂಬು ತೆಗೆದು 'ಮಣ್ಣ' ಅಂತ ಬರೆದು ಅದರ ಕೊನೆಗೆ ನಕ್ಷತ್ರದ ಗುರುತು (*) ಹಾಕಿ ನೋಡಿ. ಮಣ್ಣು, ಮಣ್ಣಿನ, ಮಣ್ಣಿನಲ್ಲಿ ಮೂರೂ ಬರುತ್ತವೆ. 'ನೀರ' ಅಂತ ಬರೆದು ನಕ್ಷತ್ರ ಹಾಕಿದರೆ ನೀರು, ನೀರಿನ, ನೀರಾವರಿ ಎಲ್ಲ ಬರುತ್ತವೆ. ನಕ್ಷತ್ರವನ್ನು ಒಪ್ಪದ ಬಾಕ್ಸುಗಳೂ ಇವೆ. ಅಲ್ಲಿ ಎರಡೂ ರೂಪ ಬರೆದು 'ಅಥವಾ' ಹಾಕಿ.

ಒಂದೇ ಪೇಪರ್ ಮೂರು ಸಲ ಕಾಣುವುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಮೂರು ಕಡೆಯಿಂದ ಬಂದ ಮೂರು ದಾಖಲೆಗಳಲ್ಲಿ ಕಾಗುಣಿತವೋ ಇಸವಿಯೋ ಸ್ವಲ್ಪ ಬೇರೆ ಇದ್ದರೆ ಯಂತ್ರ ಅವನ್ನು ಒಂದೇ ಅಂತ ಗುರುತಿಸಲಾರದು. ನಿಮಗೆ ಒಂದು ಲಾಭವೂ ಇದೆ. ಒಂದರ ಲಿಂಕ್ ಕೆಟ್ಟಿದ್ದರೆ ಇನ್ನೊಂದನ್ನು ಒತ್ತಿ.

ಗೂಗಲ್ ಬಗ್ಗೆ ಕೇಳಿದ್ದೀರಿ. ಗೂಗಲ್ ಸ್ಕಾಲರ್ ಬಳಸಿ, ಖಂಡಿತ ಬಳಸಿ. ಅದು ಪೇಪರಿನ ಒಳಗಿನ ಮಾತನ್ನೂ ಓದುತ್ತದೆ, ಹಾಗಾಗಿ ಶೀರ್ಷಿಕೆಯಲ್ಲಿ ಗಂಗಾವತಿ ಇಲ್ಲದ ಪೇಪರನ್ನೂ ಹಿಡಿದು ತರುತ್ತದೆ. ಆದರೆ ನಿಮ್ಮ ಲೈಬ್ರರಿಗೆ ಏನಿದೆ ಅಂತ ಅದಕ್ಕೆ ತಾನಾಗಿ ಗೊತ್ತಿರುವುದಿಲ್ಲ. ಅದರ ಸೆಟ್ಟಿಂಗ್ಸಿನಲ್ಲಿ 'ಲೈಬ್ರರಿ ಲಿಂಕ್ಸ್' ಅಂತ ಒಂದು ಜಾಗ ಇದೆ. ಅಲ್ಲಿ ನಿಮ್ಮ ವಿಶ್ವವಿದ್ಯಾಲಯದ ಹೆಸರು ಹುಡುಕಿ ಟಿಕ್ ಮಾಡಿ. ಲೈಬ್ರರಿಯವರು ತಮ್ಮ ರಿಸಾಲ್ವರನ್ನು ಅಲ್ಲಿ ನೋಂದಾಯಿಸಿದ್ದರೆ ಫಲಿತಾಂಶದ ಪಕ್ಕದಲ್ಲೇ ನಿಮ್ಮ ಲೈಬ್ರರಿಯ ಲಿಂಕ್ ಕಾಣುತ್ತದೆ. ಹೆಸರು ಇಲ್ಲದಿದ್ದರೆ ನೋಂದಾಯಿಸಲು ಹೇಳಿ. ಅದಕ್ಕೆ ಗೂಗಲ್ ದುಡ್ಡು ಕೇಳುವುದಿಲ್ಲ. ಅನ್‌ಪೇವಾಲ್ ಅನ್ನುವ ಬ್ರೌಸರ್ ಸೇರ್ಪಡೆಯೂ ಒಳ್ಳೆಯದು. ಬರೆದವರೇ ಕಾನೂನಿನ ಪ್ರಕಾರ ಬಿಟ್ಟುಕೊಟ್ಟ ಉಚಿತ ಪ್ರತಿ ಎಲ್ಲಾದರೂ ಇದ್ದರೆ ತೋರಿಸುತ್ತದೆ.

ಇನ್ನು ಲೈಬ್ರರಿಯವರಿಗೆ ಎರಡು ಮಾತು. ಇದನ್ನು ಅವರೂ ಓದುತ್ತಾರೆ ಅನ್ನುವ ನಂಬಿಕೆ ನನ್ನದು. ಬಾಕ್ಸ್ ಚೆಂದ ಕಾಣಲಿ ಅಂತ ದುಡ್ಡು ಸುರಿಯುವ ಮೊದಲು ಪಟ್ಟಿ ಸರಿಮಾಡಿ. ಕೋಹಾ, ಡಿಸ್ಪೇಸ್, ವುಫೈಂಡ್ ಮೂರೂ ಉಚಿತ ತಂತ್ರಾಂಶಗಳು. ಕ್ಯಾಟಲಾಗು, ಥೀಸಿಸ್ ಭಂಡಾರ, ಎರಡನ್ನೂ ಒಂದೇ ಬಾಕ್ಸಿನಲ್ಲಿ ತೋರಿಸುವುದು ಇವುಗಳಿಂದ ಆಗುತ್ತದೆ. ಭಂಡಾರದಿಂದ ವಿವರ ಎಳೆದುಕೊಳ್ಳಲು ಒಎಐ-ಪಿಎಂಎಚ್ ಅನ್ನುವ ಕ್ರಮ 2001ರಿಂದ ಇದೆ. ಹೊರಗಿನ ಪೇಪರುಗಳ ದೊಡ್ಡ ಸೂಚಿ ಮಾತ್ರ ಇವುಗಳ ಜೊತೆ ಉಚಿತವಾಗಿ ಬರುವುದಿಲ್ಲ, ಅದಕ್ಕೆ ಚಂದಾ ಬೇಕು. ದುಡ್ಡಿಲ್ಲದಿದ್ದರೆ ನಮ್ಮ ನೆಲದ ಥೀಸಿಸ್, ವರದಿ, ಹಳೇ ಪುಸ್ತಕಗಳ ದಾಖಲೆಯನ್ನಾದರೂ ಪೂರ್ತಿ ಮಾಡಿ. ಹೊರಗಿನ ಪತ್ರಿಕೆಯ ವಿವರ ಜಗತ್ತಿನ ಯಾರಾದರೂ ಬರೆಯುತ್ತಾರೆ. ಕನಕಗಿರಿಯ, ಮಾನ್ವಿಯ, ಕುರುಗೋಡಿನ ವಿಷಯ ನಾವು ಬರೆಯದಿದ್ದರೆ ಇನ್ಯಾರು ಬರೆಯುತ್ತಾರೆ? ಒಂದು ದಾಖಲೆ ತುಂಬುವಾಗ 'ಗಂಗಾವತಿ, ಕೊಪ್ಪಳ ಜಿಲ್ಲೆ, ಹಿಂದೆ ರಾಯಚೂರು ಜಿಲ್ಲೆ' ಅಂತ ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೇರಿಸಲು ಒಂದು ನಿಮಿಷ ಸಾಕು. ಸ್ಕ್ಯಾನ್ ಆದ ಕನ್ನಡ ಹಾಳೆಗಳನ್ನು ಪಠ್ಯವಾಗಿಸಲು ಟೆಸರಾಕ್ಟ್ ಅನ್ನುವ ಉಚಿತ ತಂತ್ರಾಂಶ ಇದೆ. ತಪ್ಪುಗಳು ಬರುತ್ತವೆ, ಆದರೂ ಏನೂ ಕಾಣದಿರುವುದಕ್ಕಿಂತ ಮೇಲು. ಪ್ರತಿ ಫಲಿತಾಂಶದ ಕೆಳಗೆ 'ಲಿಂಕ್ ಕೆಟ್ಟಿದೆ' ಅಂತ ತ್ವರಿತವಾಗಿ ತಿಳಿಸುವ ಗುಂಡಿಯೊಂದನ್ನು ದಯವಿಟ್ಟು ಇಡಿ.

ಕೊನೆಗೆ ನಿಮ್ಮ ಆ ಎಂ.ಎಸ್ಸಿ. ಥೀಸಿಸ್. ನೀವು ಅದನ್ನು ಶೋಧಗಂಗಾ ಅನ್ನುವ ಆನ್‌ಲೈನ್ ಥೀಸಿಸ್ ಭಂಡಾರದಲ್ಲಿ ಹುಡುಕಿರಬಹುದು. ಅಲ್ಲಿ ಇರುವುದು ಮುಖ್ಯವಾಗಿ ಪಿಎಚ್.ಡಿ. ಥೀಸಿಸ್‌ಗಳು. ಡಿಜಿಟಲ್ ಪ್ರತಿ ಕೊಡಲೇಬೇಕು ಅಂತ ಯುಜಿಸಿ ನಿಯಮ ಬಂದದ್ದೇ 2009ರಲ್ಲಿ. ಕೃಷಿಯ ಎಂ.ಎಸ್ಸಿ. ಥೀಸಿಸ್‌ಗಳಿಗೆ ಕೃಷಿಕೋಶ ಅನ್ನುವ ಬೇರೆ ಭಂಡಾರ ಇದೆ, ಮೊದಲು ಅಲ್ಲಿ ನೋಡಿ. ಸಂಸ್ಥೆಯ ಜಾಗದಲ್ಲಿ ರಾಯಚೂರು ಬೇಡ, ಧಾರವಾಡ ಹಾಕಿ. ಊರು ಗಂಗಾವತಿ ಇರಲಿ, ಜಿಲ್ಲೆ ರಾಯಚೂರು ಇರಲಿ, ಥೀಸಿಸ್ 1997ಕ್ಕಿಂತ ಮುಂಚಿನದಾದರೆ ಕೊಪ್ಪಳ ಬೇಡ. ಅಲ್ಲೂ ಸಿಗದಿದ್ದರೆ ಅದು ಬಹುಶಃ ಇನ್ನೂ ಕಾಗದದಲ್ಲೇ ಇದೆ ಅಂತ ತಿಳಿಯಿರಿ. ಲೇಖಕರ ಹೆಸರು, ಇಸವಿ, ವಿಭಾಗ, ಇಷ್ಟನ್ನು ಗೈಡ್ ಹತ್ತಿರ ಕೇಳಿ ಬರೆದುಕೊಳ್ಳಿ. ನಿಮ್ಮ ಲೈಬ್ರೇರಿಯನ್ನರ ಮೂಲಕ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಲೈಬ್ರರಿಗೆ ಒಂದು ಮನವಿ ಹೋಗಲಿ. ಬೇಕಾದ ಅಧ್ಯಾಯ ಯಾವುದು ಅಂತ ಬರೆದರೆ ಕೆಲಸ ಬೇಗ ಆಗುತ್ತದೆ. ಥೀಸಿಸ್‌ನ ಪೂರ್ತಿ ಪ್ರತಿ ಕಳಿಸುವುದು ಕಷ್ಟ, ನಲವತ್ತು ಪುಟ ಸ್ಕ್ಯಾನ್ ಮಾಡಿ ಕಳಿಸುವುದು ಅಷ್ಟು ಕಷ್ಟವಲ್ಲ. ಮಣ್ಣಿನ ಮಾದರಿ ಎಲ್ಲೆಲ್ಲಿ ತೆಗೆದರು ಅನ್ನುವ ಪಟ್ಟಿ ಇರುವ ಅಧ್ಯಾಯವನ್ನು ಮರೆಯದೆ ಕೇಳಿ. ಅದೇ ಹೊಲಗಳಿಗೆ ನೀವು ಮತ್ತೆ ಹೋಗಿ ಮಣ್ಣು ತೆಗೆದರೆ, ಮೂವತ್ತು ವರ್ಷದಲ್ಲಿ ಉಪ್ಪು ಏರಿತಾ ಇಳಿಯಿತಾ ಅಂತ ನಿಮಗೇ ಗೊತ್ತಾಗುತ್ತದೆ.